ಮಿಷನ್ ಶಾಲೆ ಹುಡುಗನಿಗೆ ಸಿಕ್ಕ ಸರ್ಕಾರಿ ಸ್ಕಾಲರ್‌ಶಿಪ್: ಭದ್ರಾವತಿ ಕಾರ್ಖಾನೆಯ ಸರ್ ಎಂ.ವಿ. ಓದಿದ ಕಥೆ

ಶಿವಮೊಗ್ಗ / ಭದ್ರಾವತಿ: ಸರ್ ಎಂ. ವಿಶ್ವೇಶ್ವರಯ್ಯ ಅಂದರೆ ನಮ್ಮ ಜಿಲ್ಲೆಯವರಿಗೆ ಮೊದಲು ನೆನಪಾಗುವುದು ಭದ್ರಾವತಿಯ ಕಬ್ಬಿಣದ ಕಾರ್ಖಾನೆ. ಆಮೇಲೆ ಕನ್ನಂಬಾಡಿ ಕಟ್ಟೆ. ಶಾಲೆಯ ಭಾಷಣಗಳಲ್ಲಿ ಬೀದಿ ದೀಪದ ಕೆಳಗೆ ಕೂತು ಓದಿದ ಹುಡುಗನ ಕಥೆ. ಪ್ರತಿ ಸೆಪ್ಟೆಂಬರ್ 15ರಂದು ಎಂಜಿನಿಯರ್‌ಗಳ ದಿನಾಚರಣೆಯಲ್ಲಿ ಈ ಮೂರೂ ಮತ್ತೆ ಮತ್ತೆ ಕೇಳಿಬರುತ್ತವೆ.

ಆದರೆ ಅಷ್ಟಾಗಿ ಯಾರೂ ಹೇಳದ ಇನ್ನೊಂದು ಸಂಗತಿ ಇದೆ. ಆ ಹುಡುಗ ಹೈಸ್ಕೂಲು ಓದಿದ್ದು ಸರ್ಕಾರಿ ಶಾಲೆಯಲ್ಲಲ್ಲ. ಬೆಂಗಳೂರಿನ ವೆಸ್ಲಿಯನ್ ಮಿಷನ್ ಹೈಸ್ಕೂಲಿನಲ್ಲಿ. ಈಗಿನ ಮಾತಲ್ಲಿ ಹೇಳೋದಾದರೆ ಅದು ಖಾಸಗಿ ಶಾಲೆ. ಹಾಗಿದ್ದೂ ಅವರ ಮುಂದಿನ ಓದಿಗೆ ದುಡ್ಡು ಕೊಟ್ಟಿದ್ದು ಮೈಸೂರು ಸರ್ಕಾರ.

ಖಾಸಗಿ ಶಾಲೆಯಲ್ಲಿ ಓದುವ ಬಡವರ ಮಕ್ಕಳಿಗೆ ಸರ್ಕಾರದ ಯಾವ ಸೌಲಭ್ಯ ಸಿಗಬೇಕು, ಯಾವುದು ಸಿಗಬಾರದು ಅನ್ನೋ ಪ್ರಶ್ನೆ ಪ್ರತಿ ಜೂನ್ ತಿಂಗಳಲ್ಲಿ ನಮ್ಮ ಮನೆಗಳಲ್ಲಿ ಏಳುತ್ತದೆ. ಅದೇ ಪ್ರಶ್ನೆಯನ್ನು ಮನಸ್ಸಲ್ಲಿಟ್ಟುಕೊಂಡು ಸರ್ ಎಂ.ವಿ. ಅವರ ಬದುಕನ್ನು ಒಮ್ಮೆ ನೋಡೋಣ.

ಮುದ್ದೇನಹಳ್ಳಿಯಿಂದ ಬೆಂಗಳೂರಿಗೆ

ಚಿಕ್ಕಬಳ್ಳಾಪುರದ ಹತ್ತಿರದ ಮುದ್ದೇನಹಳ್ಳಿ ಅವರ ಹುಟ್ಟೂರು. ಕಾಲ 1860ರ ದಶಕದ ಆರಂಭ. ತಂದೆ ಶ್ರೀನಿವಾಸ ಶಾಸ್ತ್ರಿ, ಸಂಸ್ಕೃತ ಪಂಡಿತರು. ತಾಯಿ ವೆಂಕಟಲಕ್ಷ್ಮಮ್ಮ. ಮನೆಯಲ್ಲಿ ವಿದ್ಯೆ ಇತ್ತು, ದುಡ್ಡಿರಲಿಲ್ಲ. ವಿಶ್ವೇಶ್ವರಯ್ಯ ಇನ್ನೂ ಹುಡುಗನಾಗಿದ್ದಾಗಲೇ ತಂದೆ ತೀರಿಕೊಂಡರು.

ಮೊದಲ ಓದು ಚಿಕ್ಕಬಳ್ಳಾಪುರದಲ್ಲಿ. ಅಲ್ಲಿಂದ ಮುಂದೆ ಓದಬೇಕು ಅಂದರೆ ಬೆಂಗಳೂರೇ ಗತಿ. ಅಲ್ಲಿದ್ದ ಸೋದರಮಾವ ರಾಮಯ್ಯ ಕೈ ಹಿಡಿದರು. 1875ರ ಸುಮಾರಿಗೆ ಹುಡುಗ ಬೆಂಗಳೂರಿಗೆ ಬಂದು ವೆಸ್ಲಿಯನ್ ಮಿಷನ್ ಹೈಸ್ಕೂಲು ಸೇರಿದ. ಅಲ್ಲಿಂದ ಸೆಂಟ್ರಲ್ ಕಾಲೇಜು. ಇದು ಸರ್ಕಾರಿ ಕಾಲೇಜು, ಸೇರಿದ್ದು ಮದ್ರಾಸ್ ವಿಶ್ವವಿದ್ಯಾಲಯಕ್ಕೆ. ಆಗ ಮೈಸೂರು ಸಂಸ್ಥಾನಕ್ಕೆ ಅಂತ ಸ್ವಂತ ವಿಶ್ವವಿದ್ಯಾಲಯವೇ ಇರಲಿಲ್ಲ.

ಕಾಲೇಜು ದಿನಗಳಲ್ಲಿ ಖರ್ಚಿಗೆ ಕೊಡಗಿನ ಕುಟುಂಬವೊಂದರ ಮಕ್ಕಳಿಗೆ ಮನೆಪಾಠ ಹೇಳುತ್ತಿದ್ದರು. ವಾಸ ಅಲ್ಲೇ, ಊಟಕ್ಕೆ ಮಾವನ ಮನೆ ಅಂತ ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ದಿನಾ ಆ ಮನೆಯಿಂದ ಈ ಮನೆಗೆ ನಡೆದೇ ಓಡಾಟ. 1881ರಲ್ಲಿ ಬಿ.ಎ. ಪಾಸಾದರು.

ಬೀದಿ ದೀಪ ಒಂದೇ ಸಾಲದು

ಬೀದಿ ದೀಪದ ಕಥೆ ಮಕ್ಕಳಿಗೆ ಹೇಳಲು ಚೆನ್ನಾಗಿದೆ. ಕಷ್ಟಪಟ್ಟರೆ ಮೇಲೆ ಬರಬಹುದು ಅನ್ನೋದು ಅದರ ನೀತಿ. ಆದರೆ ಕಷ್ಟಪಟ್ಟ ಹುಡುಗರು ಆ ಕಾಲದಲ್ಲಿ ಎಷ್ಟೋ ಮಂದಿ ಇದ್ದಿರಬೇಕು. ಎಲ್ಲರೂ ವಿಶ್ವೇಶ್ವರಯ್ಯ ಆಗಲಿಲ್ಲ. ಇವರ ದಾರಿಯಲ್ಲಿ ಮೂರು ಬಾಗಿಲು ತೆರೆದಿದ್ದವು. ಮೂರೂ ಸಾರ್ವಜನಿಕ ವ್ಯವಸ್ಥೆಯ ಬಾಗಿಲುಗಳು.

ಮೊದಲನೆಯದು ಪರೀಕ್ಷೆ. ಮದ್ರಾಸ್ ವಿಶ್ವವಿದ್ಯಾಲಯದ ಮೆಟ್ರಿಕ್ಯುಲೇಶನ್ ಪರೀಕ್ಷೆಗೆ ಸರ್ಕಾರಿ ಶಾಲೆಯವರೂ ಕೂರಬಹುದಿತ್ತು, ಮಿಷನ್ ಶಾಲೆಯವರೂ ಕೂರಬಹುದಿತ್ತು. ಪ್ರಶ್ನೆಪತ್ರಿಕೆ ಒಂದೇ. ಅಂಕಕ್ಕೆ ಬೆಲೆಯೂ ಒಂದೇ.

ಎರಡನೆಯದು ಕಾಲೇಜು. ಮಿಷನ್ ಶಾಲೆಯಿಂದ ಬಂದವನು ಅನ್ನೋ ಕಾರಣಕ್ಕೆ ಸರ್ಕಾರಿ ಸೆಂಟ್ರಲ್ ಕಾಲೇಜು ಬಾಗಿಲು ಹಾಕಿಕೊಳ್ಳಲಿಲ್ಲ.

ಮೂರನೆಯದೇ ಸ್ಕಾಲರ್‌ಶಿಪ್. ಸೆಂಟ್ರಲ್ ಕಾಲೇಜಿನ ಪ್ರಿನ್ಸಿಪಾಲರಾಗಿದ್ದ ಚಾರ್ಲ್ಸ್ ವಾಟರ್ಸ್‌ಗೆ ಈ ಹುಡುಗನ ಗಣಿತದ ಬುದ್ಧಿ ಮೇಲೆ ಬಲು ಮೆಚ್ಚುಗೆ. ಆಗ ಮೈಸೂರಿನ ದಿವಾನರು ರಂಗಾಚಾರ್ಲು. ವಾಟರ್ಸ್ ಶಿಫಾರಸು, ದಿವಾನರ ಒಪ್ಪಿಗೆ, ಎರಡೂ ಸೇರಿ ಪುಣೆಯ ಕಾಲೇಜ್ ಆಫ್ ಸೈನ್ಸ್‌ನಲ್ಲಿ ಎಂಜಿನಿಯರಿಂಗ್ ಓದಲು ಮೈಸೂರು ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು.

1881 ಅಂದರೆ ಮೈಸೂರಿನ ಆಡಳಿತ ಬ್ರಿಟಿಷರ ಕೈಯಿಂದ ಮತ್ತೆ ಒಡೆಯರ್ ಮನೆತನಕ್ಕೆ ಬಂದ ವರ್ಷ. ಸಂಸ್ಥಾನದ ಹಣಕಾಸು ಬಿಗಿಯಾಗಿದ್ದ ಕಾಲ. ಸಂಸ್ಥಾನದಲ್ಲಿ ಎಂಜಿನಿಯರಿಂಗ್ ಕಾಲೇಜೇ ಇರಲಿಲ್ಲ, ಹಾಗಾಗಿ ಪಕ್ಕದ ಮುಂಬೈ ಪ್ರಾಂತ್ಯಕ್ಕೆ ಹುಡುಗನನ್ನು ಕಳಿಸಿ ಅಲ್ಲಿನ ಖರ್ಚನ್ನು ಮೈಸೂರು ಹೊತ್ತುಕೊಂಡಿತು. ನೋಡಿದ್ದು ಹುಡುಗನ ಯೋಗ್ಯತೆ ಮತ್ತು ಅಗತ್ಯ. ಓದಿದ ಹೈಸ್ಕೂಲಿನ ಬೋರ್ಡು ಅಡ್ಡ ಬರಲಿಲ್ಲ.

ಅನುದಾನ ಅನ್ನೋದು ಹುಟ್ಟಿದ್ದು ಹೀಗೆ

ಇದು ಯಾರೋ ಒಬ್ಬ ಒಳ್ಳೆ ಅಧಿಕಾರಿಯ ದಯೆ ಮಾತ್ರ ಆಗಿರಲಿಲ್ಲ. 1854ರಲ್ಲಿ ಚಾರ್ಲ್ಸ್ ವುಡ್ ಕಳಿಸಿದ ಶಿಕ್ಷಣದ ಆದೇಶಪತ್ರ ಭಾರತದ ಶಾಲಾ ವ್ಯವಸ್ಥೆಗೆ ತಳಪಾಯ ಹಾಕಿತ್ತು. ಎಲ್ಲ ಕಡೆ ಸರ್ಕಾರವೇ ಶಾಲೆ ತೆರೆಯೋದು ಆಗದ ಮಾತು, ಹಾಗಾಗಿ ಖಾಸಗಿಯವರು ನಡೆಸುವ ಶಾಲೆಗಳಿಗೆ ಸರ್ಕಾರ ಸಹಾಯಧನ ಕೊಡಬೇಕು, ಕೊಟ್ಟ ಮೇಲೆ ತಪಾಸಣೆ ಮಾಡಬೇಕು ಅನ್ನೋದು ಅದರ ಒಂದು ಮುಖ್ಯ ಅಂಶ. ಇವತ್ತು ನಾವು ಅನುದಾನಿತ ಶಾಲೆ ಅಂತ ಕರೆಯುವುದರ ಬೇರು ಅಲ್ಲಿದೆ.

ಆ ವ್ಯವಸ್ಥೆಯಲ್ಲಿ ಕೊರತೆಗಳು ಬೇಕಾದಷ್ಟಿದ್ದವು. ದಲಿತರ ಮಕ್ಕಳಿಗೆ, ಹೆಣ್ಣುಮಕ್ಕಳಿಗೆ, ಹಳ್ಳಿಯ ರೈತರ ಮಕ್ಕಳಿಗೆ ಶಾಲೆಯ ಹೊಸ್ತಿಲೇ ದೂರವಿತ್ತು. ಈ ಮಾತಿಗೆ ಮುಂದೆ ಬರೋಣ. ಆದರೆ ಹೊಸ್ತಿಲು ದಾಟಿ ಒಳಗೆ ಬಂದವನನ್ನು ನೀನು ಸರ್ಕಾರಿ, ನೀನು ಖಾಸಗಿ ಅಂತ ಮತ್ತೆ ಬೇರೆ ಸಾಲಲ್ಲಿ ನಿಲ್ಲಿಸುತ್ತಿರಲಿಲ್ಲ.

ಪುಣೆಗೆ ಹೋದ ವಿಶ್ವೇಶ್ವರಯ್ಯ ಸಾಲ ತೀರಿಸಿದರು ಅಂತಲೇ ಹೇಳಬೇಕು. 1883ರ ಪರೀಕ್ಷೆಯಲ್ಲಿ ಇಡೀ ಮುಂಬೈ ಪ್ರಾಂತ್ಯಕ್ಕೆ ಮೊದಲಿಗರಾದರು. 1884ರಲ್ಲಿ ಮುಂಬೈ ಸರ್ಕಾರದ ಲೋಕೋಪಯೋಗಿ ಇಲಾಖೆಯಲ್ಲಿ ಸಹಾಯಕ ಎಂಜಿನಿಯರ್ ಕೆಲಸ. ಸಿಂಧ್ ಪ್ರಾಂತ್ಯದ ಸುಕ್ಕೂರಿಗೆ ಕುಡಿಯುವ ನೀರು, ಖಡಕವಾಸ್ಲಾ ಜಲಾಶಯಕ್ಕೆ ತಾನಾಗೇ ತೆರೆದುಕೊಳ್ಳುವ ಗೇಟು, ಮೂಸಿ ನದಿಯ ಪ್ರವಾಹದಲ್ಲಿ ಕೊಚ್ಚಿಹೋದ ಹೈದರಾಬಾದ್ ನಗರಕ್ಕೆ ರಕ್ಷಣಾ ಯೋಜನೆ. ಹೀಗೆ ಹೆಸರು ಬೆಳೆಯಿತು. 1909ರಲ್ಲಿ ಮೈಸೂರಿಗೆ ಮುಖ್ಯ ಎಂಜಿನಿಯರ್ ಆಗಿ ಬಂದರು. ಸ್ಕಾಲರ್‌ಶಿಪ್ ಕೊಟ್ಟು ಕಳಿಸಿದ ಹುಡುಗನನ್ನು ಸಂಸ್ಥಾನ ಮೂವತ್ತು ವರ್ಷ ಆಗುವುದರೊಳಗೆ ವಾಪಸ್ ಕರೆಸಿಕೊಂಡಿತು.

ದಿವಾನರಾದ ಮೇಲೆ ಶಾಲೆಯೇ ಮೊದಲು

1912ರ ನವೆಂಬರ್‌ನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ್ ಅವರು ವಿಶ್ವೇಶ್ವರಯ್ಯನವರನ್ನು ದಿವಾನರನ್ನಾಗಿ ನೇಮಿಸಿದರು. ಆಗ ಸಂಸ್ಥಾನದಲ್ಲಿ ನೂರಕ್ಕೆ ಹತ್ತು ಮಂದಿಗೂ ಓದು ಬರಹ ಬರುತ್ತಿರಲಿಲ್ಲ. ಜಪಾನ್ ನೋಡಿ ಬಂದಿದ್ದ ದಿವಾನರಿಗೆ ಇದು ಸಹಿಸಲಾಗದ ಸಂಗತಿ. ಓದು ಬಾರದ ನಾಡಲ್ಲಿ ಕೈಗಾರಿಕೆ ನಡೆಯೋದಿಲ್ಲ ಅನ್ನೋದು ಅವರ ಗಟ್ಟಿ ನಂಬಿಕೆ.

ಅದೇ ವರ್ಷದ ಮಾರ್ಚ್‌ನಲ್ಲಿ ಗೋಪಾಲಕೃಷ್ಣ ಗೋಖಲೆ ಅವರ ಕಡ್ಡಾಯ ಪ್ರಾಥಮಿಕ ಶಿಕ್ಷಣ ಮಸೂದೆಗೆ ಬ್ರಿಟಿಷ್ ಭಾರತದ ಶಾಸನ ಸಭೆಯಲ್ಲಿ ಸೋಲಾಗಿತ್ತು. ಅಲ್ಲಿ ಆಗದ್ದು ಇಲ್ಲಿ ಆಯಿತು. 1913ರಲ್ಲಿ ಮೈಸೂರು ಪ್ರಾಥಮಿಕ ಶಿಕ್ಷಣ ಕಾನೂನು ಬಂತು. ಆಯ್ದ ಊರುಗಳಲ್ಲಿ ಗಂಡುಮಕ್ಕಳಿಗೆ ಶಾಲೆ ಕಡ್ಡಾಯ ಮಾಡಲು ಅದು ಅವಕಾಶ ಕೊಟ್ಟಿತು. ಇಡೀ ಸಂಸ್ಥಾನಕ್ಕೆ ಒಮ್ಮೆಗೇ ಹಾಕುವಷ್ಟು ದುಡ್ಡೂ ಇರಲಿಲ್ಲ, ಮೇಷ್ಟ್ರುಗಳೂ ಇರಲಿಲ್ಲ.

ಅವರ ಆರು ವರ್ಷದ ದಿವಾನಗಿರಿಯಲ್ಲಿ ಶಾಲೆಗಳ ಸಂಖ್ಯೆ ಎರಡು ಪಟ್ಟು ಮೀರಿತು, ಶಾಲೆಗೆ ಹೋಗುವ ಮಕ್ಕಳು ಸುಮಾರು 1.4 ಲಕ್ಷ ಇದ್ದದ್ದು 3.6 ಲಕ್ಷ ದಾಟಿತು ಅಂತ ಅವರ ಜೀವನಚರಿತ್ರೆಗಳು ಲೆಕ್ಕ ಕೊಡುತ್ತವೆ.

1916ರ ಜುಲೈನಲ್ಲಿ ಮೈಸೂರು ವಿಶ್ವವಿದ್ಯಾಲಯ ಶುರುವಾಯಿತು. ದೇಶೀ ಸಂಸ್ಥಾನವೊಂದು ಕಟ್ಟಿದ ಮೊದಲ ವಿಶ್ವವಿದ್ಯಾಲಯ ಇದು. ಅಲ್ಲಿಯವರೆಗೆ ಶಿವಮೊಗ್ಗದ ಹುಡುಗ ಮೈಸೂರಲ್ಲಿ ಓದಿದರೂ ಬೆಂಗಳೂರಲ್ಲಿ ಓದಿದರೂ ಡಿಗ್ರಿ ಬರೋದು ಮದ್ರಾಸಿನಿಂದ. 1917ರಲ್ಲಿ ಬೆಂಗಳೂರಿಗೆ ಎಂಜಿನಿಯರಿಂಗ್ ಕಾಲೇಜು ಬಂತು. ಈಗ ಅದು ವಿಶ್ವೇಶ್ವರಯ್ಯನವರ ಹೆಸರಲ್ಲೇ ಇದೆ. ತಾನು ಯಾವ ಓದಿಗಾಗಿ ಪುಣೆಗೆ ಹೋಗಬೇಕಾಯಿತೋ ಆ ಓದನ್ನು ಸಂಸ್ಥಾನದ ಒಳಗೇ ತಂದಿಟ್ಟರು.

ಒಂದು ಕಡೆ ಅವರ ಲೆಕ್ಕ ತಪ್ಪಿತು

ಇಲ್ಲಿಯವರೆಗಿನದು ಎಲ್ಲರೂ ಒಪ್ಪುವ ಕಥೆ. ಮುಂದಿನ ಭಾಗದ ಬಗ್ಗೆ ಇವತ್ತಿಗೂ ಎರಡು ಮಾತಿದೆ.

1917ರಲ್ಲಿ ಮೈಸೂರಿನಲ್ಲಿ ಪ್ರಜಾಮಿತ್ರ ಮಂಡಳಿ ಅನ್ನೋ ಸಂಘಟನೆ ಹುಟ್ಟಿತು. ಬ್ರಾಹ್ಮಣೇತರ ಸಮುದಾಯಗಳ ಮುಖಂಡರು ಅದರಲ್ಲಿದ್ದರು. ಜನಸಂಖ್ಯೆಯಲ್ಲಿ ಸಣ್ಣ ಪಾಲು ಇರುವ ಒಂದು ಸಮುದಾಯದ ಕೈಯಲ್ಲೇ ಸರ್ಕಾರಿ ಹುದ್ದೆಗಳ ದೊಡ್ಡ ಪಾಲು ಇದೆ, ಉಳಿದವರಿಗೆ ಓದು ಮತ್ತು ಉದ್ಯೋಗ ಎರಡರಲ್ಲೂ ನ್ಯಾಯ ಬೇಕು ಅಂತ ಅವರು ಮಹಾರಾಜರ ಮುಂದೆ ಹೋದರು. ಮಹಾರಾಜರು 1918ರಲ್ಲಿ ಮುಖ್ಯ ನ್ಯಾಯಾಧೀಶ ಸರ್ ಲೆಸ್ಲಿ ಮಿಲ್ಲರ್ ಅಧ್ಯಕ್ಷತೆಯಲ್ಲಿ ಸಮಿತಿ ಮಾಡಿದರು.

ದಿವಾನರಿಗೆ ಇದು ಒಪ್ಪಿಗೆ ಆಗಲಿಲ್ಲ. ಹುದ್ದೆಗೆ ಅರ್ಹತೆಯೇ ಅಳತೆಗೋಲು ಆಗಬೇಕು, ಹಿಂದುಳಿದವರಿಗೆ ಶಿಕ್ಷಣ ಹೆಚ್ಚು ಕೊಟ್ಟರೆ ಉಳಿದದ್ದು ತಾನಾಗೇ ಸರಿಹೋಗುತ್ತದೆ ಅನ್ನೋದು ಅವರ ವಾದ. 1918ರ ಕೊನೆಯಲ್ಲಿ ಅವರು ದಿವಾನಗಿರಿ ಬಿಟ್ಟರು. ಮಿಲ್ಲರ್ ಸಮಿತಿ 1919ರಲ್ಲಿ ವರದಿ ಕೊಟ್ಟಿತು. ಅದರ ಮೇಲೆ 1921ರಲ್ಲಿ ಸರ್ಕಾರದ ಆದೇಶ ಬಂತು. ದೇಶದಲ್ಲೇ ಮೀಸಲಾತಿಯ ಆರಂಭದ ಹೆಜ್ಜೆಗಳಲ್ಲಿ ಇದೂ ಒಂದು.

ಈಗ ನೂರು ವರ್ಷ ಕಳೆದ ಮೇಲೆ ನೋಡಿದರೆ ತೊಡಕು ಎಲ್ಲಿತ್ತು ಅಂತ ಕಾಣುತ್ತದೆ. ವಿಶ್ವೇಶ್ವರಯ್ಯ ಬಡವರಾಗಿದ್ದರು, ನಿಜ. ಆದರೆ ಮನೆಯಲ್ಲಿ ಸಂಸ್ಕೃತ ಬಲ್ಲ ತಂದೆ ಇದ್ದರು. ಬೆಂಗಳೂರಲ್ಲಿ ಕರೆದು ಊಟ ಹಾಕುವ ಮಾವ ಇದ್ದರು. ಯಾವ ಶಾಲೆಯಲ್ಲೂ ಅವರನ್ನು ಜಾತಿ ನೋಡಿ ಹೊರಗೆ ಕೂರಿಸುವವರು ಇರಲಿಲ್ಲ. ಪರೀಕ್ಷೆ ಎಲ್ಲರಿಗೂ ಒಂದೇ ಆಗಿತ್ತು, ಆದರೆ ಪರೀಕ್ಷೆ ಹಾಲ್‌ವರೆಗಿನ ದಾರಿ ಎಲ್ಲರಿಗೂ ಒಂದೇ ಆಗಿರಲಿಲ್ಲ. ಮಿಲ್ಲರ್ ಸಮಿತಿ ಕೈ ಹಾಕಿದ್ದು ಆ ದಾರಿಗೆ.

ಅವರ ದೊಡ್ಡತನಕ್ಕೆ ಇದರಿಂದ ಕುಂದೇನೂ ಇಲ್ಲ. ಶಿಕ್ಷಣದ ಸೌಲಭ್ಯ ಹಂಚುವಾಗ ಮಗುವಿನ ಅಂಕ ನೋಡಿದರೆ ಮಾತ್ರ ಸಾಲದು, ಮಗು ಎಲ್ಲಿಂದ ಬಂತು ಅನ್ನೋದನ್ನೂ ನೋಡಬೇಕು ಅಂತ ಮೈಸೂರು ಕಲಿತ ಪಾಠ ಇದು.

ಬೆಂಕಿಪುರ ಭದ್ರಾವತಿ ಆಯಿತು

ದಿವಾನಗಿರಿ ಬಿಟ್ಟರೂ ನಮ್ಮ ಜಿಲ್ಲೆಯ ನಂಟು ಬಿಡಲಿಲ್ಲ. ಭದ್ರಾ ನದಿ ದಂಡೆಯ ಬೆಂಕಿಪುರದಲ್ಲಿ ಕಬ್ಬಿಣದ ಕಾರ್ಖಾನೆ ಕಟ್ಟುವ ಯೋಜನೆ ಅವರು ದಿವಾನರಾಗಿದ್ದಾಗಲೇ ರೂಪುಗೊಂಡಿತ್ತು. ಕೆಮ್ಮಣ್ಣುಗುಂಡಿಯ ಅದಿರು, ಮಲೆನಾಡಿನ ಕಾಡಿನ ಮರದಿಂದ ಇದ್ದಿಲು, ಹೊಳೆಯ ನೀರು. ಮೂರೂ ಹತ್ತಿರದಲ್ಲೇ ಸಿಗುವ ಜಾಗ. 1923ರಲ್ಲಿ ಕುಲುಮೆ ಹೊತ್ತಿಕೊಂಡಿತು.

ಹೊತ್ತಿಕೊಂಡ ಹೊತ್ತು ಸರಿಯಿರಲಿಲ್ಲ. ಮೊದಲ ಮಹಾಯುದ್ಧ ಮುಗಿದು ಕಬ್ಬಿಣದ ಬೆಲೆ ಬಿದ್ದಿತ್ತು. ಕಾರ್ಖಾನೆ ನಷ್ಟಕ್ಕೆ ಹೋಯಿತು. ಆಗ ಮಹಾರಾಜರ ಸರ್ಕಾರ ಮತ್ತೆ ಅವರನ್ನೇ ಕರೆಯಿತು. 1923ರಿಂದ 1929ರವರೆಗೆ ವಿಶ್ವೇಶ್ವರಯ್ಯ ಕಾರ್ಖಾನೆಯ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದರು. ಹೆಚ್ಚು ಸಂಬಳದ ಹೊರದೇಶದ ತಜ್ಞರ ಜಾಗಕ್ಕೆ ಸ್ಥಳೀಯ ಹುಡುಗರನ್ನು ತರಬೇತಿ ಕೊಟ್ಟು ತಂದರು. ಖರ್ಚು ಹಿಡಿದರು. ನಷ್ಟದ ಕಾರ್ಖಾನೆ ನೆಟ್ಟಗೆ ನಿಂತಿತು.

ಆ ಕೆಲಸಕ್ಕೆ ಅವರು ಆಗ ಸಂಬಳ ತೆಗೆದುಕೊಳ್ಳಲಿಲ್ಲ. ಮುಂದೆ ಸರ್ಕಾರ ಬಾಕಿ ಸಂಭಾವನೆ ಕೊಡಲು ಬಂದಾಗ, ದೊಡ್ಡ ಮೊತ್ತವೇ ಆಗಿದ್ದರೂ, ಅದನ್ನು ಮನೆಗೆ ಒಯ್ಯಲಿಲ್ಲ. ಹುಡುಗರಿಗೆ ಕೈಕಸುಬು ಕಲಿಸುವ ಸಂಸ್ಥೆ ಮಾಡಿ ಅಂತ ಬಿಟ್ಟುಕೊಟ್ಟರು. ಸಂಸ್ಥೆಗೆ ತಮ್ಮ ಹೆಸರು ಇಡುವುದಕ್ಕೂ ಒಪ್ಪಲಿಲ್ಲ. ಹಾಗೆ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಆಕ್ಯುಪೇಶನಲ್ ಇನ್‌ಸ್ಟಿಟ್ಯೂಟ್ ಶುರುವಾಯಿತು. ಎಸ್‌ಜೆಪಿ ಪಾಲಿಟೆಕ್ನಿಕ್ ಅಂತ ಈಗ ಎಲ್ಲರಿಗೂ ಗೊತ್ತಿರೋದು ಇದೇ.

ಭದ್ರಾವತಿಯವರು ಹೆಮ್ಮೆ ಪಡಬೇಕಾದ ಸಂಗತಿ ಇದು. ನಮ್ಮೂರ ಕುಲುಮೆ ಮುಂದೆ ದುಡಿದದ್ದಕ್ಕೆ ಬಂದ ದುಡ್ಡು ಯಾರ್ಯಾರದೋ ಮನೆ ಮಕ್ಕಳ ವಿದ್ಯೆ ಆಯಿತು.

1955ರಲ್ಲಿ ಭಾರತ ರತ್ನ ಬಂತು. 1962ರ ಏಪ್ರಿಲ್‌ನಲ್ಲಿ, ನೂರು ವರ್ಷ ತುಂಬಿದ ಮೇಲೆ, ವಿಶ್ವೇಶ್ವರಯ್ಯ ತೀರಿಕೊಂಡರು. 1976ರಲ್ಲಿ ಕಾರ್ಖಾನೆಗೆ ಅವರ ಹೆಸರು ಇಟ್ಟರು. ವಿಐಎಸ್‌ಎಲ್ ಅನ್ನೋ ಹೆಸರು ಬಂದಿದ್ದು ಹಾಗೆ. ಭದ್ರಾವತಿಯ ಸರ್ಕಾರಿ ಪದವಿ ಕಾಲೇಜುಗಳೂ ಸರ್ ಎಂ.ವಿ. ಹೆಸರಲ್ಲಿವೆ. ಅವು ಸೇರಿರುವ ಕುವೆಂಪು ವಿಶ್ವವಿದ್ಯಾಲಯ ಅದೇ ತಾಲೂಕಿನ ಶಂಕರಘಟ್ಟದಲ್ಲಿ 1987ರಿಂದ ಇದೆ.

ಶಿವಮೊಗ್ಗದಲ್ಲಿ ಖಾಸಗಿ ಅಂದರೆ ಯಾರು?

ಈಗ ಮೊದಲಿನ ಪ್ರಶ್ನೆಗೆ ಬರೋಣ. ಖಾಸಗಿ ಶಾಲೆ ಅಂದ ತಕ್ಷಣ ಎಸಿ ಬಸ್ಸು, ಲಕ್ಷದ ಫೀಸು ಕಣ್ಣ ಮುಂದೆ ಬರುತ್ತದೆ. ಆದರೆ ನಮ್ಮ ಊರಿನ ಚರಿತ್ರೆ ಬೇರೆ. 1940ರ ದಶಕದಲ್ಲಿ ಶಿವಮೊಗ್ಗದಲ್ಲಿ ಡಿವಿಎಸ್, ಎನ್‌ಇಎಸ್ ಥರದ ಸಂಸ್ಥೆಗಳು ಹುಟ್ಟಿದ್ದು ಊರಿಗೆ ಸಾಕಷ್ಟು ಶಾಲೆ ಇಲ್ಲ ಅನ್ನೋ ಕೊರತೆ ತುಂಬಲಿಕ್ಕೆ. ಇಂಥ ಸಂಸ್ಥೆಗಳ ಅನುದಾನಿತ ಶಾಲೆಗಳಲ್ಲಿ ಮೇಷ್ಟ್ರ ಸಂಬಳ ಸರ್ಕಾರದ್ದು, ಆಡಳಿತ ಸಂಸ್ಥೆಯದ್ದು. ಅಲ್ಲಿನ ಮಕ್ಕಳಿಗೆ ಮಧ್ಯಾಹ್ನದ ಊಟ, ಉಚಿತ ಪಠ್ಯಪುಸ್ತಕ ಸಿಗುತ್ತದೆ.

ತೊಡಕಿರೋದು ಅನುದಾನರಹಿತ ಶಾಲೆಗಳಲ್ಲಿ. ಅದರಲ್ಲೂ ಎರಡು ಥರ. ಒಂದು, ದುಡ್ಡಿದ್ದವರ ಶಾಲೆ. ಅದರ ಮಾತು ಇಲ್ಲಿ ಬೇಡ. ಇನ್ನೊಂದು, ಬಡಾವಣೆಯ ಸಣ್ಣ ಕಟ್ಟಡದಲ್ಲಿ ನಡೆಯುವ ಶಾಲೆ. ಆಟೊ ಓಡಿಸುವವರು, ಗಾರೆ ಕೆಲಸದವರು, ಅಂಗಡಿಯಲ್ಲಿ ಲೆಕ್ಕ ಬರೆಯುವವರು ಇಂಗ್ಲಿಷ್ ಆಸೆಗೋ, ಮನೆ ಹತ್ತಿರ ಅಂತಲೋ ಕಂತಿನಲ್ಲಿ ಫೀಸು ಕಟ್ಟಿ ಮಕ್ಕಳನ್ನು ಸೇರಿಸುವ ಜಾಗ. ಅನುದಾನ ಸಿಗದ ಕನ್ನಡ ಮಾಧ್ಯಮ ಶಾಲೆಗಳೂ ಇದೇ ಗುಂಪಿನವು. 1995ರ ನಂತರ ಶುರುವಾದ ಕನ್ನಡ ಶಾಲೆಗಳಿಗೆ ಅನುದಾನ ಕೊಡಿ ಅನ್ನೋ ಬೇಡಿಕೆ ಎಷ್ಟೋ ಸರ್ಕಾರಗಳನ್ನು ನೋಡಿದೆ.

ಭದ್ರಾವತಿಯಲ್ಲಿ ಇದಕ್ಕೆ ಇನ್ನೊಂದು ನೋವೂ ಸೇರಿಕೊಂಡಿದೆ. ಎಂಪಿಎಂ ಕಾಗದ ಕಾರ್ಖಾನೆ ನಿಂತು ವರ್ಷಗಳೇ ಆದವು. ವಿಐಎಸ್‌ಎಲ್ ಮುಚ್ಚುವ ನಿರ್ಧಾರ 2023ರ ಜನವರಿಯಲ್ಲಿ ಬಂದಾಗ ಗುತ್ತಿಗೆ ಕಾರ್ಮಿಕರು ಬೀದಿಗಿಳಿದಿದ್ದು ಎಲ್ಲರೂ ನೋಡಿದ್ದೇ. ಕೆಲಸ ಇದ್ದಾಗ ಮಗುವನ್ನು ಖಾಸಗಿ ಶಾಲೆಗೆ ಸೇರಿಸಿದ ಅಪ್ಪನಿಗೆ ಕೆಲಸ ಹೋದರೆ ಮನೆಯ ಆದಾಯ ಒಂದೇ ತಿಂಗಳಲ್ಲಿ ಬದಲಾಗುತ್ತದೆ. ಸರ್ಕಾರದ ದಾಖಲೆಯಲ್ಲಿ ಮಗು ಮಾತ್ರ ಖಾಸಗಿ ಶಾಲೆ ವಿದ್ಯಾರ್ಥಿಯಾಗಿಯೇ ಉಳಿಯುತ್ತದೆ.

ಬಾಗಿಲು ಎಲ್ಲಿ ತೆರೆದಿದೆ, ಎಲ್ಲಿ ಮುಚ್ಚಿದೆ

ವಿಶ್ವೇಶ್ವರಯ್ಯನವರಿಗೆ ತೆರೆದಿದ್ದ ಮೂರು ಬಾಗಿಲುಗಳನ್ನೇ ತೆಗೆದುಕೊಳ್ಳಿ.

ಪರೀಕ್ಷೆಯ ಬಾಗಿಲು ಈಗಲೂ ತೆರೆದಿದೆ. ರಾಜ್ಯ ಪಠ್ಯಕ್ರಮದ ಶಾಲೆ ಯಾವುದೇ ಆಗಲಿ, ಎಸ್‌ಎಸ್‌ಎಲ್‌ಸಿಗೆ ಮಂಡಳಿಯ ಒಂದೇ ಪ್ರಶ್ನೆಪತ್ರಿಕೆ. ಕಾಲೇಜಿನ ಬಾಗಿಲೂ ತೆರೆದಿದೆ. ಸಿಇಟಿ ಎಲ್ಲರಿಗೂ ಒಂದೇ.

ಸ್ಕಾಲರ್‌ಶಿಪ್ ಬಾಗಿಲು ಅರ್ಧ ಮುಚ್ಚಿದೆ. ಎಂಟನೇ ತರಗತಿಯಲ್ಲಿ ಪರೀಕ್ಷೆ ಬರೆದು ಪಡೆಯುವ ಎನ್‌ಎಂಎಂಎಸ್ ವಿದ್ಯಾರ್ಥಿವೇತನ ನೋಡಿ. ಕೇಂದ್ರ ಸರ್ಕಾರದ ಯೋಜನೆ, ಆಯ್ಕೆಯಾದವರಿಗೆ ಒಂಬತ್ತನೇ ತರಗತಿಯಿಂದ ವರ್ಷಕ್ಕೆ 12,000 ರೂಪಾಯಿ. ಕುಟುಂಬದ ವರಮಾನ 3.5 ಲಕ್ಷ ರೂಪಾಯಿ ಮೀರಬಾರದು. ಬುದ್ಧಿವಂತ ಬಡ ಮಗು ಶಾಲೆ ಬಿಡಬಾರದು ಅನ್ನೋದೇ ಅದರ ಉದ್ದೇಶ. ಆದರೆ ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆ ಮಕ್ಕಳಿಗೆ ಮಾತ್ರ. ಅನುದಾನರಹಿತ ಶಾಲೆಯ ಮಗು ಎಷ್ಟೇ ಬಡವಾದರೂ ಪರೀಕ್ಷೆಗೆ ಕೂರುವ ಹಾಗಿಲ್ಲ. ವೆಸ್ಲಿಯನ್ ಶಾಲೆಯ ಹುಡುಗನಿಗೆ ಅಂದು ಇಂಥದೇ ನಿಯಮ ಇದ್ದಿದ್ದರೆ? ಯೋಚನೆ ಮಾಡಬೇಕಾದ ಮಾತು.

ಇನ್ನು ಆರ್‌ಟಿಇ. 2009ರ ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 12(1)(ಸಿ) ಪ್ರಕಾರ ಅನುದಾನರಹಿತ ಶಾಲೆಗಳು ಆರಂಭದ ತರಗತಿಯಲ್ಲಿ ಶೇ. 25ರಷ್ಟು ಸೀಟನ್ನು ದುರ್ಬಲ ವರ್ಗದ ಮಕ್ಕಳಿಗೆ ಕೊಡಬೇಕು, ಸರ್ಕಾರ ಖರ್ಚು ಭರಿಸಬೇಕು. ನಮ್ಮ ರಾಜ್ಯದಲ್ಲಿ 2012ರಿಂದ ಸಾಕಷ್ಟು ಮಕ್ಕಳಿಗೆ ಇದರಿಂದ ಸೀಟು ಸಿಕ್ಕಿತು. 2019-20ನೇ ಸಾಲಿನಿಂದ ನಿಯಮ ಬದಲಾಯಿತು. ನೆರೆಹೊರೆಯಲ್ಲಿ ಸರ್ಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಅಲ್ಲಿನ ಖಾಸಗಿ ಶಾಲೆಯಲ್ಲಿ ಆರ್‌ಟಿಇ ಸೀಟು ಇಲ್ಲ. ಹೈಕೋರ್ಟ್ 2019ರ ಮೇ ತಿಂಗಳಲ್ಲಿ ಈ ತಿದ್ದುಪಡಿ ಎತ್ತಿಹಿಡಿಯಿತು. ಶಿವಮೊಗ್ಗ, ಭದ್ರಾವತಿಯಂಥ ಊರಲ್ಲಿ ಸರ್ಕಾರಿ ಶಾಲೆ ಹತ್ತಿರ ಇಲ್ಲದ ವಾರ್ಡ್ ಹುಡುಕಬೇಕು. ಹಾಗಾಗಿ ಇಲ್ಲಿನವರ ಪಾಲಿಗೆ ಆ ದಾರಿ ಬಹಳ ಕಿರಿದಾಯಿತು.

ಸರ್ಕಾರದ ವಾದದಲ್ಲೂ ಹುರುಳಿದೆ

ಸರ್ಕಾರ ಹೀಗೆ ಮಾಡಿದ್ದು ಸುಮ್ಮನೆ ಅಲ್ಲ. ಆರ್‌ಟಿಇ ಸೀಟಿಗೆ ಅಂತ ಖಾಸಗಿ ಶಾಲೆಗಳಿಗೆ ದುಡ್ಡು ಕೊಡುತ್ತಾ ಹೋದರೆ, ಪಕ್ಕದಲ್ಲೇ ಇರುವ ಸರ್ಕಾರಿ ಶಾಲೆ ಮಕ್ಕಳಿಲ್ಲದೆ ಮುಚ್ಚುತ್ತದೆ. ಮಲೆನಾಡಿನ ಹಳ್ಳಿಗಳಲ್ಲಿ ಹತ್ತು ಮಕ್ಕಳೂ ಇಲ್ಲದ ಶಾಲೆಗಳನ್ನು ನೋಡಿದವರಿಗೆ ಈ ಭಯ ಅರ್ಥವಾಗುತ್ತದೆ. ಒಮ್ಮೆ ಮುಚ್ಚಿದ ಶಾಲೆ ಮತ್ತೆ ತೆರೆಯೋದು ಕಷ್ಟ. ಆಗ ಎಲ್ಲಿಗೂ ಹೋಗಲಾಗದ ಮಗುವಿಗೆ ಯಾವ ಶಾಲೆಯೂ ಉಳಿಯೋದಿಲ್ಲ. ಫೀಸು ಕಟ್ಟುವ ಶಕ್ತಿ ಇದ್ದವರಿಗೆ ತೆರಿಗೆ ದುಡ್ಡು ಯಾಕೆ ಅನ್ನೋ ಪ್ರಶ್ನೆಯೂ ನ್ಯಾಯವೇ.

ಆದರೆ ಇಲ್ಲಿ ಎರಡು ಬೇರೆ ಸಂಗತಿ ಕಲಸಿಹೋಗಿವೆ. ಶಾಲೆಗೆ ಕೊಡುವ ದುಡ್ಡು ಒಂದು, ಮಗುವಿಗೆ ಕೊಡುವ ದುಡ್ಡು ಇನ್ನೊಂದು. ಖಾಸಗಿ ಶಾಲೆಯ ಫೀಸನ್ನು ಸರ್ಕಾರ ಕಟ್ಟಬೇಕೋ ಬೇಡವೋ ಅನ್ನೋದು ಚರ್ಚೆಯ ವಿಷಯ, ಸರ್ಕಾರಿ ಶಾಲೆಯ ಹಿತ ಅಲ್ಲಿ ದೊಡ್ಡದು. ಆದರೆ ಮಗುವಿನ ಬ್ಯಾಂಕ್ ಖಾತೆಗೆ ಹೋಗುವ ವಿದ್ಯಾರ್ಥಿವೇತನಕ್ಕೆ ಶಾಲೆಯ ಬೋರ್ಡು ಅಡ್ಡ ಬರಬೇಕಾದ ಕಾರಣ ಅಷ್ಟು ಗಟ್ಟಿಯಲ್ಲ. ಅಲ್ಲಿ ಕೇಳಬೇಕಾದ್ದು ಮನೆಯ ವರಮಾನ ಎಷ್ಟು, ಮಗುವಿಗೆ ಓದುವ ಶಕ್ತಿ ಇದೆಯಾ ಅನ್ನೋದು.

1881ರಲ್ಲಿ ಮೈಸೂರು ಮಾಡಿದ್ದು ಅದನ್ನೇ. ಸಂಸ್ಥಾನ ದುಡ್ಡು ಕೊಟ್ಟಿದ್ದು ವೆಸ್ಲಿಯನ್ ಶಾಲೆಗಲ್ಲ, ಅಲ್ಲಿಂದ ಬಂದ ಹುಡುಗನಿಗೆ. 1918ರಲ್ಲಿ ಕಲಿತ ಪಾಠವನ್ನೂ ಇದಕ್ಕೆ ಸೇರಿಸಿಕೊಳ್ಳಬೇಕು. ಬರೀ ಅಂಕದ ಮೇಲೆ ಹಂಚಿದರೆ ಟ್ಯೂಷನ್‌ಗೆ ಕಳಿಸುವ ಶಕ್ತಿ ಇದ್ದವರೇ ಮುಂದೆ ಬರುತ್ತಾರೆ. ಅಗತ್ಯವೂ ಲೆಕ್ಕಕ್ಕೆ ಬರಬೇಕು.

ಪೋಷಕರಿಗೆ ಗೊತ್ತಿರಬೇಕಾದ್ದು

ಕೆಲಸ ಹೋಗಿ, ಫೀಸು ಕಟ್ಟಲಾಗದೆ ಮಗುವನ್ನು ಸರ್ಕಾರಿ ಶಾಲೆಗೆ ಸೇರಿಸಬೇಕು ಅಂದುಕೊಂಡವರಿಗೆ ಒಂದು ಮಾತು. ಹಳೆ ಶಾಲೆಯಿಂದ ಟಿಸಿ ಬಂದಿಲ್ಲ ಅನ್ನೋ ಕಾರಣಕ್ಕೆ ಒಂದರಿಂದ ಎಂಟನೇ ತರಗತಿವರೆಗಿನ ಮಗುವಿಗೆ ಸರ್ಕಾರಿ ಅಥವಾ ಅನುದಾನಿತ ಶಾಲೆ ದಾಖಲಾತಿ ನಿರಾಕರಿಸುವಂತಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯ ಸೆಕ್ಷನ್ 5 ಇದನ್ನು ಸ್ಪಷ್ಟವಾಗಿ ಹೇಳುತ್ತದೆ. ತೊಂದರೆಯಾದರೆ ಕ್ಷೇತ್ರ ಶಿಕ್ಷಣಾಧಿಕಾರಿ, ಅಂದರೆ ಬಿಇಒ ಕಚೇರಿಗೆ ಬರವಣಿಗೆಯಲ್ಲಿ ಅರ್ಜಿ ಕೊಡಿ, ಸ್ವೀಕೃತಿ ಪಡೆಯಿರಿ.

ಎಸ್‌ಎಸ್‌ಎಲ್‌ಸಿ ನಂತರದ ವಿದ್ಯಾರ್ಥಿವೇತನಗಳ ವಿಷಯದಲ್ಲೂ ಅಷ್ಟೇ. ಖಾಸಗಿ ಶಾಲೆಯಲ್ಲಿ ಹತ್ತನೇ ತರಗತಿ ಓದಿದ್ದೇವೆ, ನಮಗೆ ಬರೋದಿಲ್ಲ ಅಂತ ಅರ್ಜಿಯನ್ನೇ ಹಾಕದವರಿದ್ದಾರೆ. ಪರಿಶಿಷ್ಟ ಜಾತಿ, ಪಂಗಡ, ಹಿಂದುಳಿದ ವರ್ಗ, ಅಲ್ಪಸಂಖ್ಯಾತ ವಿದ್ಯಾರ್ಥಿಗಳಿಗೆ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನ ಇದೆ. ಅಲ್ಲಿ ನೋಡುವುದು ಜಾತಿ ಮತ್ತು ಆದಾಯ ಪ್ರಮಾಣಪತ್ರ ಹಾಗೂ ಈಗ ಓದುತ್ತಿರುವ ಕೋರ್ಸು. ಆದಾಯ ಪ್ರಮಾಣಪತ್ರವನ್ನು ನಾಡಕಚೇರಿಯಲ್ಲಿ ಮೊದಲೇ ಮಾಡಿಸಿಟ್ಟುಕೊಂಡರೆ ಕೊನೆ ದಿನದ ಓಡಾಟ ತಪ್ಪುತ್ತದೆ.

ಸರ್ ಎಂ.ವಿ. ಹೆಸರಿನ ಕಾರ್ಖಾನೆ ಉಳಿಯಬೇಕು ಅಂತ ಭದ್ರಾವತಿ ಹೋರಾಡಿದೆ. ಅದು ಆಗಲೇಬೇಕಾದ ಹೋರಾಟ. ಅದರ ಜೊತೆಗೆ ಅವರನ್ನು ಎಂಜಿನಿಯರ್ ಮಾಡಿದ ಆ ಹಳೆ ಸ್ಕಾಲರ್‌ಶಿಪ್‌ನ ನಿಯಮವೂ ಉಳಿಯಬೇಕು. ನಮ್ಮ ಶಾಸಕರು, ಸಂಸದರು ಮುಂದಿನ ಬಾರಿ ಎಂಜಿನಿಯರ್‌ಗಳ ದಿನಾಚರಣೆಗೆ ಬಂದು ಹಾರ ಹಾಕುವಾಗ, ಎನ್‌ಎಂಎಂಎಸ್ ಪರೀಕ್ಷೆಗೆ ಕೂರಲಾಗದ ಬಡ ಮಕ್ಕಳ ಬಗ್ಗೆ ಅವರನ್ನು ಒಂದು ಮಾತು ಕೇಳಿ.